ಕೆಟಲ್‌ಗಿಂತ ಭಾರ

ಡಾಕ್ಟರು ಆ ಚಿತ್ರವನ್ನು ಮೇಜಿನ ಮೇಲೆ ಹರಡಿದ್ದೇ ತಡ, ಸೇಮಿಸಿ ಎದ್ದು ಹೊರಗೆ ನಡೆದುಬಿಟ್ಟ.

ಡಾಕ್ಟರದ್ದೇನೂ ತಪ್ಪಿಲ್ಲ. ಕಡಲಾಚೆಯಿಂದ ಬಂದ ಹೊಸಬರು, ನಮ್ಮ ಟೋಂಗಾದ ಮರ್ಯಾದೆಗಳು ಅವರಿಗೆ ಹೇಗೆ ಗೊತ್ತಾಗಬೇಕು? "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದು ವಾಸಿತಿಗೆ ಹೇಳಿದ್ದರು. ವಾಸಿತಿಯ ಗಂಡ ಆಕ್ಲೆಂಡಿಗೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿ ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಕಾರು ಓಡಿಸಿಕೊಂಡು ಬಂದ ತಮ್ಮನೇ ಒಳಗೂ ಬಂದು ಕೂತ. ಡಾಕ್ಟರು ಗರ್ಭಕೋಶದ ಬಣ್ಣದ ಚಿತ್ರ ತೆಗೆದು, ಪೆನ್ನಿನ ತುದಿಯಿಂದ ಮುಟ್ಟಿ ಮುಟ್ಟಿ ತೋರಿಸತೊಡಗಿದರು. ಅಕ್ಕ ಕೂತ ಕೋಣೆಯಲ್ಲಿ ಟಿವಿಯಲ್ಲಿ ಒಂದು ಮುತ್ತಿನ ದೃಶ್ಯ ಬಂದರೂ ತಮ್ಮನಾದವನು ಎದ್ದು ಹೋಗುವ ಊರು ನಮ್ಮದು. ಸೇಮಿಸಿ ಕಿವಿಯವರೆಗೂ ಕೆಂಪಾಗಿ ಹೋಗಿ ಕಾರಿಗೆ ಒರಗಿ ನಿಂತ. ವಾಸಿತಿ ಕೂತೇ ಇದ್ದಳು, ಆದರೆ ನಾಚಿಕೆಯಲ್ಲಿ ಒಂದೆರಡು ಮಾತು ಬಿಟ್ಟು ಅವಳ ಕಿವಿಗೆ ಏನೂ ಇಳಿಯಲಿಲ್ಲ.

"ಅರ್ಥ ಆಯ್ತಲ್ಲ?" ಎಂದರು ಡಾಕ್ಟರು.

"ಆಯ್ತು" ಎಂದಳು.

ನಾನು ಅವರ ಪಕ್ಕದ ಮನೆಯವಳು. ನಡುವೆ ಇರುವುದು ದಾಸವಾಳದ ಬೇಲಿ, ಅದು ಕೋಳಿಯನ್ನೇ ತಡೆಯುವುದಿಲ್ಲ, ಇನ್ನು ಮಾತನ್ನು ಎಲ್ಲಿ ತಡೆದೀತು? ಕೇಳಿಸಿದ್ದನ್ನು ಕೇಳಿದ್ದೇನೆ, ಉಳಿದದ್ದನ್ನು ಅವರವರೇ ನನ್ನ ಅಡಿಗೆಮನೆಗೆ ಬಂದು ಹೇಳಿದ್ದಾರೆ.

ಮುಂದೆ ದೊಡ್ಡ ಮನೆ. ಅಲ್ಲಿ ಸೇಮಿಸಿ, ಅವನ ಹೆಂಡತಿ ಲೂಪೆ, ಮೂರು ಮಕ್ಕಳು. ನಾಲ್ಕನೆಯದು ಲೂಪೆಯ ಹೊಟ್ಟೆಯಲ್ಲಿ. ಹಿತ್ತಲಲ್ಲಿ ಒಂದೇ ಕೋಣೆಯ ಚಿಕ್ಕ ಮನೆ. ಅಲ್ಲಿ ವಾಸಿತಿ ಮತ್ತು ಅವಳ ತಾಯಿ ಮೆಲೆ. ಆ ಚಿಕ್ಕ ಮನೆಯ ಹೊಸ್ತಿಲನ್ನು ಸೇಮಿಸಿ ಒಂದು ದಿನವೂ ದಾಟಿದವನಲ್ಲ. ಅಕ್ಕ ಮಲಗುವ ಕೋಣೆಗೆ ತಮ್ಮ ಕಾಲಿಡುವುದುಂಟೆ? ಬೇಕಾದ್ದನ್ನೆಲ್ಲ ಹೊಸ್ತಿಲ ಆಚೆ ಇಟ್ಟು, ಒಮ್ಮೆ ಕೆಮ್ಮಿ, ಹೊರಟುಹೋಗುತ್ತಿದ್ದ. ಆ ಕೆಮ್ಮೇ ಅವರಿಬ್ಬರ ನಡುವಿನ ಮಾತುಕತೆ.

ಅವತ್ತು ಸಂಜೆ ದೊಡ್ಡ ಮನೆಯಲ್ಲಿ ಎಲ್ಲರೂ ಬ್ರೆಡ್ಡು, ಚಹಾ, ಬೇಯಿಸಿದ ಕೆಸುವಿನ ಗೆಡ್ಡೆ ಇಟ್ಟುಕೊಂಡು ಕೂತಿದ್ದರು. ಸೇಮಿಸಿ ಇರಲಿಲ್ಲ, ಕಾವಾ ಬೇರಿನ ರಸ ಕುಡಿಯಲು ಗಂಡಸರ ಕೂಟಕ್ಕೆ ಹೋಗಿದ್ದ.

"ಏನಂದ್ರೇ ಡಾಕ್ಟ್ರು?" ಎಂದು ಮೆಲೆ ಕೇಳಿದಳು.

"ಒಳಗೆ ಗಡ್ಡೆಗಳಿವೆಯಂತೆ. ಅದಕ್ಕೇ ಇಷ್ಟು ರಕ್ತ ಹೋಗೋದು. ಗರ್ಭಕೋಶಾನೇ ತೆಗೀತಾರಂತೆ."

"ಪೂರ್ತಿನಾ?"

"ಅರ್ಧ ಇಟ್ಕೊಂಡು ಏನ್ಮಾಡ್ಲಮ್ಮ?"

"ಹಾಗಾದ್ರೆ ಇನ್ನು ಮಕ್ಕಳಾಗಲ್ಲ ಅನ್ನು."

"ಈಗೇನು ಆಗ್ತಿತ್ತಾ? ಗಂಡ ಆಕ್ಲೆಂಡಲ್ಲಿ, ನಾನು ಇಲ್ಲಿ. ಫೋನಲ್ಲಿ ಆಗುತ್ತಾ ಮಕ್ಕಳು?"

ಲೂಪೆ ನಕ್ಕಳು. ಮೆಲೆ ನಗಲಿಲ್ಲ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ, ಸೊಸೆಯ ಹೊಟ್ಟೆಯ ಕಡೆ ನೋಡುತ್ತಾ, "ಮಕ್ಕಳಿಗೇನು ಕೊರತೆ? ಇದೋ ಇಲ್ಲಿದೆಯಲ್ಲ. ಹೆರೋದು ಇವಳು ಹೆರಲಿ, ಸಾಕೋದು ನೀನು ಸಾಕು. ಸೋದರತ್ತೆ ಬಾಯಿಬಿಟ್ಟು ಕೇಳಿದ್ರೆ ಸೇಮಿಸಿ ಇಲ್ಲ ಅಂತಾನಾ?" ಎಂದಳು.

ಅನ್ನುವುದಿಲ್ಲ, ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ತಮ್ಮನ ಮಕ್ಕಳ ಮೇಲೆ ಸೋದರತ್ತೆಯ ಮಾತೇ ಮೇಲು. ಹೆಸರಿಡುವವಳೂ ಅವಳೇ. ಲೂಪೆಯ ಮೂರು ಮಕ್ಕಳಿಗೂ ವಾಸಿತಿಯೇ ಹೆಸರಿಟ್ಟದ್ದು, ಮೂರೂ ಸೇಮಿಸಿಯ ಕಡೆಯ ಹಿರಿಯರ ಹೆಸರುಗಳು. ಮಗುವನ್ನೇ ಕೇಳಿದರೂ ಕೊಡಬೇಕು. ಲೂಪೆ ಅಷ್ಟು ಹೊತ್ತು ನಗುತ್ತಿದ್ದವಳು ಲೋಟಗಳನ್ನು ಬಾಚಿಕೊಂಡು ಎದ್ದು ಹೋದಳು. ವಾಸಿತಿ "ಸುಮ್ನಿರಮ್ಮ" ಎಂದಳೇ ಹೊರತು, "ನನಗೆ ಬೇಡ" ಎನ್ನಲಿಲ್ಲ. ಅದನ್ನು ಲೂಪೆಯೂ ಗಮನಿಸಿದಳು, ಮೆಲೆಯೂ ಗಮನಿಸಿದಳು.

ನಿಜ ಹೇಳಬೇಕೆಂದರೆ ವಾಸಿತಿಗೆ ಆ ಮಗು ಬೇಕಿತ್ತು. ತನ್ನ ಅಜ್ಜಿಯ ಹೆಸರನ್ನು ಅದಕ್ಕಾಗಿ ಮನಸ್ಸಿನಲ್ಲೇ ಎತ್ತಿಟ್ಟಿದ್ದಳು.

ಸೇಮಿಸಿ ಕಾವಾ ಕುಡಿದು ನಾಲಿಗೆ ಮರಗಟ್ಟಿಸಿಕೊಂಡು ಬಂದಾಗ ಲೂಪೆ ಬಾಗಿಲಲ್ಲೇ ಹಿಡಿದಳು.

"ರೀ, ನಿಮ್ಮಕ್ಕ ಕೇಳಿದ್ರೆ ಕೊಟ್ಬಿಡ್ತೀರಾ?"

"ಏನನ್ನ?"

"ನನ್ನ ತಲೇನ! ಮಗೂನ ರೀ."

"ಕೇಳಿದಾಗ ನೋಡೋಣ."

"ಕೇಳಿದ್ಮೇಲೆ ನೋಡೋದೇನಿದೆ? ನನಗೆ ಇಲ್ಲಿ ತಾಯಿ ಕಡೆಯವರು ಅಂತ ಒಬ್ರಿದ್ದಾರಾ? ನಮ್ಮಮ್ಮ ಪೌಲಿನೆ ಹಾಪೈ ದ್ವೀಪದಲ್ಲಿ ಮಣ್ಣಾಗಿ ಎಷ್ಟು ವರ್ಷ ಆಯ್ತು. ಮೂರು ಮಕ್ಕಳಲ್ಲಿ ಒಂದಕ್ಕಾದ್ರೂ ನಮ್ಮ ಕಡೆ ಹೆಸರಿದೆಯಾ? ನನ್ನದು ಅಂತ ನಾನೇನು ಹೇಳ್ಕೊಳ್ಲಿ?"

"ಅವರಿಗೆ ಹುಷಾರಿಲ್ಲ, ಈಗ ಜಗಳ ಬೇಡ."

"ಏನು ಹುಷಾರಿಲ್ಲ ಅಂತ ಗೊತ್ತಾ ನಿಮಗೆ?"

ಸೇಮಿಸಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ನನ್ನ ಮುಂದೆ ಹೇಳ್ಬೇಡ. ಹೊಟ್ಟೆದೇನೋ ಅಂತ ಗೊತ್ತು, ಅಷ್ಟು ಸಾಕು."

ಆಪರೇಷನ್ನಿಗೆ ಮೊದಲು ರಕ್ತ ಹೆಚ್ಚಲೆಂದು ವಾಸಿತಿ ಕಬ್ಬಿಣಾಂಶದ ಮಾತ್ರೆ ನುಂಗಿದಳು. ಒಂದು ಸೋಮವಾರ ದೊಡ್ಡಾಸ್ಪತ್ರೆ ಸೇರಿದಳು. ಮೆಲೆ ಒಂದು ರಾತ್ರಿ ಮಗಳ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದೇ ಸೊಂಟ ಹಿಡಿದುಕೊಂಡು ವಾಪಸ್ಸಾದಳು. ಲೂಪೆಗೆ ತಿಂಗಳು ತುಂಬುತ್ತಿತ್ತು. ನಾನೂ ಒಂದು ಮಧ್ಯಾಹ್ನ ಹೋಗಿ ಬಂದೆ. ಉಳಿದ ಮಂಚಗಳ ಸುತ್ತ ಚಿಕ್ಕಮ್ಮಂದಿರು, ಮಕ್ಕಳು, ಹಾಡು, ಪ್ರಾರ್ಥನೆ, ಬುಟ್ಟಿಗಟ್ಟಲೆ ಊಟ. ವಾಸಿತಿಯ ಮಂಚದ ಕೆಳಗೆ ಅವಳ ಚಪ್ಪಲಿ ಮಾತ್ರ ಇತ್ತು.

"ಸೇಮಿಸಿ ಬರ್ಲಿಲ್ವಾ?" ಎಂದು ಕೇಳಿದೆ.

"ಅಲ್ಲೇ ಇದ್ದಾನೆ ನೋಡು" ಎಂದು ಕಿಟಕಿ ತೋರಿಸಿದಳು. ಕೆಳಗೆ ಹಲಸಿನ ಮರದ ನೆರಳಲ್ಲಿ ಅವನ ಕಾರು. ಹೆಂಗಸರ ವಾರ್ಡಿಗೆ, ಅದೂ ಈ ಕಾಯಿಲೆಯ ವಾರ್ಡಿಗೆ ಅವನು ಹೇಗೆ ಬಂದಾನು? ಕೆಲಸ ಮುಗಿಸಿ ಬಂದು, ಕತ್ತಲಾಗುವ ತನಕ ಕಾರಿನಲ್ಲಿ ಕೂತು ಹೋಗುತ್ತಿದ್ದನಂತೆ. "ಇಲ್ಲಿಂದ ಕಾರಿನ ನೆತ್ತಿ ಮಾತ್ರ ಕಾಣುತ್ತೆ. ಅದನ್ನೇ ನೋಡ್ತಾ ಮಲಗಿರ್ತೀನಿ" ಎಂದಳು.

ಏನಾಗಿದೆ, ಇನ್ನೇನಾಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಿದ್ದು ನರ್ಸ್ ಫಿಪೆ. ಮೂತ್ರದ ನಳಿಕೆ ತೆಗೆದು, ಹಿಡಿದು ನಾಲ್ಕು ಹೆಜ್ಜೆ ನಡೆಸಿ, ವಾಪಸ್ಸು ಕೂರಿಸಿದ ಮೇಲೆ ಕೇಳಿದಳು:

"ಡಾಕ್ಟ್ರು ಎಲ್ಲ ಹೇಳಿದ್ರಲ್ವಾ?"

"ಹೇಳಿದ್ರು. ನನಗೇ ಸರಿಯಾಗಿ ಕೇಳಿಸ್ಲಿಲ್ಲ. ಚಿತ್ರ ತೆಗೆದಾಗ ತಮ್ಮ ಪಕ್ಕದಲ್ಲಿ ಕೂತಿದ್ದ."

"ಅಯ್ಯೋ ದೇವ್ರೇ!" ಎಂದು ಫಿಪೆ ಹಣೆ ಚಚ್ಚಿಕೊಂಡಳು. "ಸರಿ, ಈಗ ಕೇಳಿಸ್ಕೊಳ್ಳಿ. ಗರ್ಭಕೋಶ ತೆಗೆದಾಯ್ತು. ಇನ್ನು ತಿಂಗಳ ಮುಟ್ಟಿಲ್ಲ, ಮಕ್ಕಳೂ ಇಲ್ಲ. ಅಂಡಾಶಯ ಎರಡೂ ಬಿಟ್ಟಿದ್ದಾರೆ."

"ಆ ಜಾಗ ಖಾಲಿ ಇರುತ್ತಾ?"

"ಕರುಳು ಜರುಗಿ ಕೂತ್ಕೊಳ್ಳುತ್ತೆ. ಖಾಲಿ ಇರಲ್ಲ."

"ಗಂಡಸಿನ ಥರ ಮೀಸೆ ಬರುತ್ತೆ ಅಂದಳು ಆ ಮೂಲೆ ಮಂಚದವಳು."

"ಅವಳಿಗೆ ಆಪರೇಷನ್ ಇಲ್ದೇನೇ ಬಂದಿದೆಯಲ್ಲ!" ವಾಸಿತಿಗೆ ನಗು ಬಂತು, ನಕ್ಕಾಗ ಹೊಲಿಗೆ ಎಳೆಯಿತು. ಫಿಪೆ ಅವಳ ಹೊಟ್ಟೆಗೆ ದಿಂಬು ಒತ್ತಿ ಹಿಡಿದಳು. "ಕೆಮ್ಮೋವಾಗ, ನಗೋವಾಗ ಹೀಗೆ ದಿಂಬು ಒತ್ಕೊಳ್ಳಿ. ಹೊಟ್ಟೇಲಿ ಗಾಳಿ ಸೇರಿ ನೋಯುತ್ತೆ, ನಡೆದಾಡಿದ್ರೆ ಹೋಗುತ್ತೆ. ಪಪ್ಪಾಯ ತಿನ್ನಿ, ನೀರು ಕುಡೀರಿ, ಕಕ್ಕಸಿಗೆ ಕೂತಾಗ ತಿಣುಕಬೇಡಿ. ಸ್ವಲ್ಪ ದಿನ ಕಲೆ ಕಲೆ ರಕ್ತ ಕಾಣುತ್ತೆ, ಅದಕ್ಕೆ ಹೆದರ್ಬೇಡಿ. ಕೆಂಪಗೆ ಹರೀತು ಅಂದ್ರೆ, ಜ್ವರ ಬಂತು ಅಂದ್ರೆ, ತಕ್ಷಣ ಬರ್ಬೇಕು. ಕಾರಣ ಇಲ್ದೇನೇ ಅಳು ಬರಬಹುದು, ಬಂದ್ರೆ ಅತ್ತುಬಿಡಿ."

"ನಾರುಬಟ್ಟೆಗೆ ತೊಗಟೆ ಬಡಿಯೋಕೆ ಎಂದಿನಿಂದ ಕೂರಬಹುದು?"

"ಆರು ವಾರ ಕೊಡತಿ ಮುಟ್ಟಕೂಡದು. ಭಾರ ಎತ್ತಕೂಡದು. ನೀರು ತುಂಬಿದ ಕೆಟಲ್ ಇರುತ್ತಲ್ಲ, ಅದಕ್ಕಿಂತ ಭಾರದ್ದು ಏನೂ ಬೇಡ. ಹೊರಗಿನ ಹೊಲಿಗೆ ಒಣಗಿದ್ರೂ ಒಳಗಿನದು ಹಸಿ ಇರುತ್ತೆ. ಮನೇಲೆಲ್ಲರಿಗೂ ಹೇಳಿ."

ಮನೆಯಲ್ಲಿ ಯಾರಿಗೆ ಹೇಳುವುದು? ತಾಯಿಗೆ ಹೇಳಿದಳು, ತಾಯಿ ಲೂಪೆಗೆ ಹೇಳಿದಳು. ಸೇಮಿಸಿಗೆ ಯಾರೂ ಹೇಳಲಿಲ್ಲ, ಏಕೆಂದರೆ ಅವನಿಗೆ ಹೇಳುವಂಥ ವಿಷಯವೇ ಅಲ್ಲ ಅದು.

ಮನೆಗೆ ಬಂದ ಮೇಲೆ ವಾಸಿತಿ ಒಬ್ಬಳೇ ಆದಳು. ನಮ್ಮ ಊರಲ್ಲಿ ಬೆಳಗಾದರೆ ಎಲ್ಲ ಅಂಗಳದಿಂದಲೂ ತೊಗಟೆ ಬಡಿಯುವ ಸದ್ದು. ನಾವು ಎಂಟು ಹೆಂಗಸರು ಸೇರಿ ನಾರುಬಟ್ಟೆ ಮಾಡುವವರು, ವಾಸಿತಿಯೇ ನಮಗೆ ಮುಂದಾಳು. ಅವಳ ಕೊಡತಿಗೆ ಒಂದು ಲಯವಿತ್ತು, ಉಳಿದವರೆಲ್ಲ ಅದಕ್ಕೆ ಸರಿಯಾಗಿ ಬಡಿಯುತ್ತಿದ್ದೆವು. ಅವಳಿಲ್ಲದೆ ನಮ್ಮ ಕೊಡತಿಗಳು ಲಯ ತಪ್ಪಿ ಒಂದೊಂದು ಕಡೆ ಓಡುತ್ತಿದ್ದವು. ಅವಳು ಕೋಣೆಯಲ್ಲಿ ದಿಂಬು ಅಪ್ಪಿಕೊಂಡು ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೆಲೆಗೆ ಚರ್ಚಿನ ಹಾಡುಗಾರರ ತಂಡ, ಸಾವಿನ ಮನೆ, ಮದುವೆ ಮನೆ. ಕಾಲು ಮನೆಯಲ್ಲಿ ನಿಲ್ಲುವುದೇ ಇಲ್ಲ.

ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಲೂಪೆಯ ಹಿರಿ ಮಗಳು ಕಲೋ ತಟ್ಟೆ ತಂದಿಡುತ್ತಿದ್ದಳು.

"ಅಮ್ಮ ಬರಲ್ವೇನೇ?"

"ಅಮ್ಮ ಹೇಳಿದ್ಲು, ತಟ್ಟೆ ಇಟ್ಟು ಮಾತಾಡದೆ ವಾಪಸ್ ಬಾ ಅಂತ."

"ಮಾತಾಡ್ಬಿಟ್ಟೆಯಲ್ಲ."

ಕಲೋ ನಾಲಿಗೆ ಕಚ್ಚಿಕೊಂಡು ಓಡಿದಳು. ಲೂಪೆಯ ಸಿಟ್ಟು ಅಂಥದ್ದು. ಮೀನಿನ ಸಾರಿನಲ್ಲಿ ದೊಡ್ಡ ತುಂಡೇ ನಾದಿನಿಗೆ, ಆದರೆ ಮುಖ ಮಾತ್ರ ತೋರಿಸುವುದಿಲ್ಲ.

ಆ ವಾರ ಸೇಮಿಸಿಯ ತೋಟದಲ್ಲಿ ಹೆಗ್ಗೆಣಸು ಅಗೆದರು. ಹೊಸ ಬೆಳೆಯಲ್ಲಿ ಒಳ್ಳೆಯದೆಲ್ಲ ಮೊದಲು ಅಕ್ಕನಿಗೆ. ಸೇಮಿಸಿ ತೊಡೆ ಗಾತ್ರದ ಗೆಣಸುಗಳನ್ನೇ ಆರಿಸಿ, ಮಣ್ಣು ಒರೆಸಿ, ತೆಂಗಿನ ಗರಿಯ ಬುಟ್ಟಿಯಲ್ಲಿ ತುಂಬಿ ಹೊಸ್ತಿಲ ಆಚೆ ಇಟ್ಟ. ಕೆಮ್ಮಿದ. ಹೋದ. ತಮ್ಮ ತಂದ ಮೊದಲ ಬುಟ್ಟಿ ಹೊರಗೆ ಬಿದ್ದಿದ್ದರೆ ಅದು ಅವನ ಮುಖಕ್ಕೆ ಹೊಡೆದಂತೆ. ಮೆಲೆ ಊರಲ್ಲಿಲ್ಲ. ಕಲೋ ಶಾಲೆಯಲ್ಲಿ. ಹಾದಿಯಲ್ಲಿ ಪಾದ್ರಿಯ ಹೆಂಡತಿ ಬರುತ್ತಿರುವುದು ಬೇರೆ ಕಾಣಿಸಿತು. ವಾಸಿತಿ ಬುಟ್ಟಿಯನ್ನು ಎತ್ತಿ ಒಳಗಿಟ್ಟಳು.

ಸಂಜೆ ತಟ್ಟೆ ತಂದ ಕಲೋ "ಅಮ್ಮಾ!" ಎಂದು ಕಿರುಚಿಕೊಂಡು ಓಡಿದಳು. ಲೂಪೆ ತುಂಬಿದ ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು. ಚಾಪೆಯ ಮೇಲೆ ರಕ್ತ, ಗೋಡೆಗೊರಗಿ ಬಿಳಿಚಿಕೊಂಡು ಕೂತ ವಾಸಿತಿ.

"ಏನು ಎತ್ತಿದ್ರಿ ಅಕ್ಕ? ಏನು ಎತ್ತಿದ್ರಿ?"

ವಾಸಿತಿ ಬುಟ್ಟಿ ತೋರಿಸಿದಳು.

ನರ್ಸ್ ಫಿಪೆಗೆ ನಾನೇ ಫೋನ್ ಮಾಡಿದೆ. "ಕೂರಬೇಡಿ, ಕರ್ಕೊಂಡು ಬನ್ನಿ" ಎಂದಳು. ಕಾರಿನ ಹಿಂದಿನ ಸೀಟಿನಲ್ಲಿ ಲೂಪೆಯ ತೊಡೆಯ ಮೇಲೆ ವಾಸಿತಿ. ಸೇಮಿಸಿ ಕನ್ನಡಿಯಲ್ಲೂ ಹಿಂದೆ ನೋಡದೆ ಓಡಿಸಿದ. ರಕ್ತ ನಿಂತಿತು. ಎರಡು ದಿನ ಇಟ್ಟುಕೊಂಡು ಕಳಿಸಿದರು.

ವಾಸಿತಿ ಮನೆಗೆ ಬಂದ ದಿನ ಲೂಪೆ ಅಡಿಗೆಮನೆಯಲ್ಲಿ ಗಂಡನ ಎದುರು ನಿಂತಳು. ಅವನು ಆಗಲೇ ಕಿವಿಗೆ ಕೈ ಒಯ್ಯುತ್ತಿದ್ದ.

"ಕೈ ಇಳಿಸಿ. ಏನೂ ಹೇಳಲ್ಲ ನಾನು." ಕೆಟಲ್ಲಿಗೆ ಕಂಠದವರೆಗೆ ನೀರು ತುಂಬಿ ಅವನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ. ಭಾರ ಗೊತ್ತಾಯ್ತಾ? ಇದಕ್ಕಿಂತ ಭಾರದ್ದು ಆ ಹೊಸ್ತಿಲ ಹತ್ರ ಹೋಗಕೂಡದು. ಯಾಕೆ ಅಂತ ಕೇಳ್ಬೇಡಿ."

ಅವನು ಕೇಳಲಿಲ್ಲ. ಕೆಟಲ್ಲನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದ. ಮಾರನೆಯ ಬೆಳಿಗ್ಗೆ ಬೇಲಿಯಾಚೆ ನೋಡುತ್ತೇನೆ: ಅಕ್ಕನ ಬಾಗಿಲ ಮುಂದೆ ನೀರಿನ ಬಕೆಟ್ಟಿನ ಬದಲು ಸಾಲಾಗಿ ಆರು ಕೆಟಲ್ಲುಗಳು, ಎಲ್ಲದರಲ್ಲೂ ನೀರು. ಎರಡು ಅವರವು, ಒಂದು ಪಾದ್ರಿಯದು, ಒಂದು ನನ್ನದು, ಹೇಳದೆ ಕೇಳದೆ ಒಯ್ದದ್ದು. ಉಳಿದೆರಡು ಯಾರವೋ! ಅವತ್ತು ನನಗೆ ಚಹಾಕ್ಕೆ ಪಾತ್ರೆಯಿಲ್ಲ. ಗೆಣಸೂ ಅಂದಿನಿಂದ ಒಂದೊಂದೇ ಬಂತು, ತುಂಡು ಮಾಡಿ ಎಲೆಯಲ್ಲಿ ಸುತ್ತಿ.

ಮುಂದಿನ ವಾರ ಲೂಪೆ ಹೆತ್ತಳು. ದುಂಡಗಿನ ಹೆಣ್ಣುಮಗು. ಊರೆಲ್ಲ ಬಂದು ನೋಡಿ ಹೋಯಿತು. ವಾಸಿತಿ ಮಾತ್ರ ನೋಡಲಿಲ್ಲ. ಹಿತ್ತಲಿಂದ ದೊಡ್ಡ ಮನೆಗೆ ಇಪ್ಪತ್ತು ಮಾರು, ನಡೆಯಬಲ್ಲಳು. ಕರೆಯದೆ ಹೇಗೆ ಹೋಗುವುದು ಎಂದು ಅವಳು ಕೂತಳು, ಕರೆದರೆ ಮಗು ಕೈಬಿಟ್ಟು ಹೋಯಿತು ಎಂದು ಲೂಪೆ ಕೂತಳು. ಮಗುವಿಗೆ ಹೆಸರಿಲ್ಲ. "ಸೋದರತ್ತೆ ಹೇಳ್ಬೇಕು" ಎನ್ನುತ್ತಿದ್ದಳು ಮೆಲೆ. ಎಲ್ಲರೂ "ಪಾಪು, ಪಾಪು" ಎಂದೇ ಕರೆಯುತ್ತಿದ್ದರು. ಪಾಪುವಿನ ಅಳು ಹಿತ್ತಲಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಕಾರಣವಿಲ್ಲದೆ ಅಳು ಬರಬಹುದು ಎಂದಿದ್ದಳಲ್ಲ ಫಿಪೆ. ಕಾರಣವಿದ್ದೇ ಬಂದ ಅಳುವಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಲೂಪೆ ಮತ್ತೆ ಚರ್ಚಿಗೆ ಹೊರಟ ಮೊದಲ ಭಾನುವಾರ ಮೆಲೆ ಪಟ್ಟು ಹಿಡಿದಳು.

"ಪಾಪೂನ ವಾಸಿತಿ ಹತ್ರ ಬಿಟ್ಟು ನಡಿ."

"ಎತ್ಕೊಂಡೇ ಬರ್ತೀನಿ ಅತ್ತೆ."

"ಹೆಸರಿಲ್ಲದ ಕೂಸನ್ನ ದೇವರ ಮುಂದೆ ಎತ್ಕೊಂಡು ಹೋಗ್ತೀಯಾ? ಅವಳ ಹಕ್ಕು ಅವಳಿಗೆ ಕೊಡು."

ಚರ್ಚಿನ ಮರ್ಯಾದೆಗೆಂದು ಉಡುಪಿನ ಮೇಲೆ ಸೊಂಟಕ್ಕೆ ಸಣ್ಣ ಚಾಪೆ ಸುತ್ತಿ ಸಿಂಗಾರವಾಗಿದ್ದ ಲೂಪೆ ಹಾಗೆಯೇ ಹಿತ್ತಲಿಗೆ ಬಂದಳು. ಮಗುವನ್ನು ನೆಲಕ್ಕೆ ಹಾಸಿದ್ದ ಚಾಪೆಯ ಮೇಲೆ ಮಲಗಿಸಿದಳು. ವಾಸಿತಿಯ ಮಡಿಲಿಗೆ ಕೊಡಲಿಲ್ಲ.

"ಹಾಲು ಕುಡಿಸಿದ್ದೀನಿ. ನಿದ್ದೆ ಮಾಡುತ್ತೆ" ಎಂದು ಗೋಡೆಗೆ ಹೇಳಿ, ತಿರುಗಿ ತಿರುಗಿ ನೋಡುತ್ತಾ ಹೋದಳು. ಮನೆಯಲ್ಲಿ ಉಳಿದವನು ಸೇಮಿಸಿ ಒಬ್ಬನೇ. ಕಾಲಿನ ಹೆಬ್ಬೆರಳ ಕೀಲು ಊದಿ ನಡೆಯಲಾಗದೆ, ಮಣ್ಣು ಮುಚ್ಚಿ ಊಟ ಬೇಯಲಿಟ್ಟ ನೆಲದೊಲೆಯ ಪಕ್ಕ ಕೂತಿದ್ದ.

ವಾಸಿತಿ ಮೆಲ್ಲಗೆ ಗೋಡೆ ಹಿಡಿದು ಮಗುವಿನ ಪಕ್ಕ ಕೂತಳು. ಸೇಮಿಸಿಯದೇ ಮೂಗು, ಲೂಪೆಯದೇ ಗಲ್ಲ. ಎತ್ತಿಟ್ಟಿದ್ದ ಹೆಸರನ್ನು ಅದರ ಕಿವಿಯಲ್ಲಿ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಅದು ಎಚ್ಚರವಾಗಿ ಅಳತೊಡಗಿತು. ತಟ್ಟಿದಳು, ಹಾಡಿದಳು, ಬೆರಳು ಕೊಟ್ಟಳು. ಅದು ತಾಯಿಯನ್ನು ಕೇಳುತ್ತಿತ್ತು. ಎತ್ತಿಕೊಳ್ಳಲೆಂದು ಎರಡೂ ಕೈ ಕೆಳಗೆ ತೂರಿಸಿದಳು. ಹೊಟ್ಟೆಯೊಳಗೆ ಎಳೆದಂತಾಗಿ, ಆ ದಿನದ ರಕ್ತ ನೆನಪಾಗಿ, ಕೈ ಹಿಂದೆಗೆದಳು. ಮಗು ನೀಲಿಗಟ್ಟುವ ಹಾಗೆ ಅಳುತ್ತಿತ್ತು.

ಬಾಗಿಲಾಚೆ ಕೆಮ್ಮು ಕೇಳಿಸಿತು. ಮತ್ತೊಮ್ಮೆ ಕೆಮ್ಮು.

"ಅಕ್ಕ, ಪಾಪು ಅಳ್ತಾ ಇದೆ."

"ಕೇಳಿಸ್ತಿದೆ ಕಣೋ."

"ಎತ್ಕೊಳ್ಳೋಕೆ ಆಗಲ್ವಾ?"

ಅವಳು ಮಗುವಿನ ಎದೆಯ ಮೇಲೆ ಅಂಗೈ ಇಟ್ಟಳು. ಆಮೇಲೆ, "ಕೆಟಲ್‌ಗಿಂತ ಭಾರ ಇದೆ" ಎಂದಳು.

ಆಚೆ ಕಡೆ ಅವನು ಮಂಡಿಯೂರಿದ ಸದ್ದು. ಮತ್ತೆ ಸೇಮಿಸಿಯ ಸ್ವರ ಬಂತು. "ಅಕ್ಕ, ನೀವು ಕೇಳಿದ್ರೆ ನಾನು ಇಲ್ಲ ಅನ್ನಲ್ಲ. ಲೂಪೆ ಏನಾಗ್ತಾಳೋ ಗೊತ್ತಿಲ್ಲ. ಆದ್ರೂ ಇಲ್ಲ ಅನ್ನಲ್ಲ."

ಒಳಗೆ ಬಾ, ಎತ್ತಿಕೋ ಎಂದು ಅವಳು ಹೇಳಲಾರಳು. ಹೇಳಿದರೂ ಅವನು ಬರಲಾರ. ಮಗು ಮಲಗಿದ್ದ ಚಾಪೆಯ ತುದಿ ಹಿಡಿದು, ಕೂತಲ್ಲೇ ಹಿಂದಕ್ಕೆ ಜರುಗುತ್ತಾ ಬಾಗಿಲ ಕಡೆ ಎಳೆದಳು. ನುಣುಪು ನೆಲ, ಚಾಪೆ ಸಲೀಸಾಗಿ ಜಾರಿತು. ಇಷ್ಟು ಎಳೆದಳು, ಸುಧಾರಿಸಿಕೊಂಡಳು, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡಳು, ಮತ್ತೆ ಇಷ್ಟು ಎಳೆದಳು. ಹೊಸ್ತಿಲ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಕೂತಳು. ಮಂಡಿಯೂರಿ ಕೂತಿದ್ದ ಸೇಮಿಸಿಯ ಎರಡು ಕೈಗಳು ಒಳಗೆ ಬಂದವು. ಮುಖ ಆಚೆ ತಿರುಗಿಸಿದ್ದ. ಕಾಲು ಹೊರಗೇ ಇತ್ತು. ಮಗುವನ್ನು ತಡವಿ ಎತ್ತಿ ಎದೆಗೆ ಹಾಕಿಕೊಂಡ.

"ಇದರಮ್ಮನ ಹತ್ರ ಕರ್ಕೊಂಡು ಹೋಗು" ಎಂದಳು. "ಹೆಸರು ಪೌಲಿನೆ ಅಂತ ಹೇಳು."

"ಅದು ಲೂಪೆ ತಾಯಿ ಹೆಸರು ಅಕ್ಕ. ನಮ್ಮ ಕಡೆದಲ್ಲ."

"ಗೊತ್ತು."

ಅವನು ಎದ್ದು ಹೋಗಲಿಲ್ಲ. ಹಾದಿಯ ಕಡೆ ನೋಡುತ್ತಲೇ, "ಅಕ್ಕ, ನೋವಿದೆಯಾ?" ಎಂದು ಕೇಳಿದ.

"ಇದೆ" ಎಂದಳು ವಾಸಿತಿ. "ಇದೆ ಕಣೋ, ಸೇಮಿಸಿ."

ಕುಂಟುತ್ತಾ ಚರ್ಚಿನ ಕಡೆ ಹೊರಟವನಿಗೆ ಲೂಪೆ ಅರ್ಧ ದಾರಿಯಲ್ಲೇ ಸಿಕ್ಕಳು. ಎದೆ ತೊಯ್ದು, ಪ್ರಾರ್ಥನೆ ಬಿಟ್ಟು ಓಡಿ ಬರುತ್ತಿದ್ದಳು. ಅವನು ಹೆಸರು ಹೇಳಿದ್ದನ್ನು, ಅವಳು ಅಲ್ಲೇ ರಸ್ತೆ ಬದಿಯಲ್ಲಿ ಕುಸಿದು ಕೂತು ಮಗುವಿಗೆ ಹಾಲೂಡಿಸುತ್ತಾ ಅತ್ತದ್ದನ್ನು ಚರ್ಚಿನ ಕಿಟಕಿಯಿಂದ ಅರ್ಧ ಊರು ನೋಡಿತು.

ನೆಲದೊಲೆ ತೆರೆದಾಗ ಲೂಪೆ ಮಗುವನ್ನು ಎದೆಗವಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. "ಅಕ್ಕ, ಕೆಸುವಿನೆಲೆಯ ಲೂ ಬೆಂದಿದೆ, ತೆಂಗಿನಹಾಲು ಬಿಸಿ ಬಿಸಿ ಇದೆ. ಎಲ್ಲರೂ ಕಾಯ್ತಾ ಇದ್ದಾರೆ. ಅಲ್ಲೇ ಬನ್ನಿ, ಪೌಲಿನೆನ ನಾನೇ ನಿಮ್ಮ ಮಡಿಲಲ್ಲಿ ಮಲಗಿಸ್ತೀನಿ."

"ನಡಿ, ಬರ್ತೀನಿ" ಎಂದಳು ವಾಸಿತಿ.

ಲೂಪೆ ಹೋದಳು. ದೊಡ್ಡ ಮನೆಯಲ್ಲಿ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ಹೊಸ್ತಿಲ ಹತ್ತಿರ ಬಿದ್ದಿದ್ದ ಚಾಪೆಯ ತುದಿ ಹಿಡಿದು ವಾಸಿತಿ ತನ್ನ ಕಡೆಗೆ ಎಳೆದುಕೊಂಡಳು. ಈ ಸಲ ಅದರಲ್ಲಿ ಭಾರವೇ ಇರಲಿಲ್ಲ.